ಅತ್ತೆಯ ಹೆಸರಿನ ಮಗಳು

ಸೋಮವಾರ ಬೆಳಗ್ಗೆ ಎಂಟೂವರೆಗೆ ನೀಲಗಂಗಾ ಯಲಿಗಾರಳನ್ನು ಅವಳ ಸ್ವಂತ ಮನೆಯ ಬಾಗಿಲೇ ಕಳ್ಳಿ ಎಂದು ತೀರ್ಮಾನಿಸಿತು. ಅವಳು ಮಾಡಿದ್ದ ಅಪರಾಧ ಇಷ್ಟೇ: ಕೆಳಗಿನ ಅಂಗಡಿಗೆ ಹೋಗಿ ಮೊಸರು ತಂದಿದ್ದಳು. ಉಳುಕಿದ ಎಡಗಾಲನ್ನು ಎಳೆದುಕೊಂಡು ಮೂರನೆಯ ಮಹಡಿ ಹತ್ತಿ ಬಂದು ನಿಂತರೆ, ಬಾಗಿಲ ಮೇಲಿನ ಸಣ್ಣ ದೀಪ ಹಸಿರಾಗುವ ಬದಲು ಕೆಂಪಾಯಿತು. "ನೀವು ಈ ಮನೆಯವರಲ್ಲ. ನಿಜವಾದ ನೀಲಗಂಗಾ ಅವರಿಗೆ ಸುದ್ದಿ ಕಳಿಸಲಾಗಿದೆ," ಎಂದು ಬಾಗಿಲು ಬಹಳ ಸಭ್ಯವಾಗಿ ಹೇಳಿತು.

"ಯವ್ವಾ, ಚಿಲಕ ತಗಿ," ಎಂದು ನೀಲಾ ಕೂಗಿದಳು. ಶೀತದಿಂದ ಅವಳ ಗಂಟಲು ಒಡೆದಿತ್ತು.

ತಾಯಿ ಕಲ್ಲವ್ವ ಒಳಗಿನಿಂದ ಬಾಗಿಲು ತೆರೆದಳು. ಎಪ್ಪತ್ತೊಂಬತ್ತು ವಯಸ್ಸಿನ ಆಕೆಗೆ ಬಾಗಿಲುಗಳು ಮಾತಾಡುವುದೇ ಸರಿ ಬರುತ್ತಿರಲಿಲ್ಲ. "ಏನಂತ ಅದು?"

"ನಾ ನಾನಲ್ಲಂತ."

"ಹುಚ್ಚ ಹಿಡದೈತಿ ಅದಕ್ಕ. ಮೊಸರ ಹುಳಿ ಆಗೈತೇನು ನೋಡು ತಂಗೆವ್ವ."

ಮೊಸರು ಹುಳಿಯಾಗಿರಲಿಲ್ಲ. ನೀಲಾ ಬಾಗಿಲ ಮೇಲಿನ ಕೆಂಪು ದೀಪವನ್ನು ಮತ್ತೊಮ್ಮೆ ತಿರುಗಿ ನೋಡಿದಳು. ಏನಾಗಿದೆ ಎಂದು ಆ ಊರಿನಲ್ಲಿ ಬೇರೆಯವರಿಗಿಂತ ಮೊದಲು ಅವಳಿಗೇ ಹೊಳೆಯಬೇಕಿತ್ತು, ಹೊಳೆಯಿತು ಕೂಡ.

ಆ ಕಾಲ ಎಂಥದೆಂದು ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೆಬ್ಬೆಟ್ಟು, ಕಣ್ಣಪಾಪೆ, ದನಿ ಎಲ್ಲವನ್ನೂ ನಕಲು ಮಾಡಲು ಕಲಿತ ಮೇಲೆ ಮನುಷ್ಯನ ಗುರುತಿಗೆ ಉಳಿದದ್ದು ಅವನ ನಡತೆ ಒಂದೇ ಆಗಿತ್ತು. ನೀವು ಹೇಗೆ ನಡೆಯುತ್ತೀರಿ, ಮಾತಿನ ನಡುವೆ ಎಲ್ಲಿ ಉಸಿರು ತೆಗೆದುಕೊಳ್ಳುತ್ತೀರಿ, ಚಹಾಕ್ಕೆ ಸಕ್ಕರೆ ಎಷ್ಟು, ಮೆಟ್ಟಿಲನ್ನು ಯಾವ ಕಾಲಿನಿಂದ ಹತ್ತುತ್ತೀರಿ, ಇವೆಲ್ಲ ಸೇರಿ ನಿಮ್ಮ 'ನಡೆಗುರುತು'. ಬಾಗಿಲು, ಬಸ್ಸು, ಬ್ಯಾಂಕು, ಆಸ್ಪತ್ರೆ ಎಲ್ಲವೂ ಅದನ್ನೇ ನೋಡಿ ನಿಮ್ಮನ್ನು ಒಳಗೆ ಬಿಡುತ್ತಿದ್ದವು. ಕಳ್ಳರು ಸುಮ್ಮನಿರುತ್ತಾರೆಯೇ? ಅವರು ಮನುಷ್ಯರ 'ನೆರಳು' ಮಾಡಲು ಕಲಿತರು. ನೆರಳೆಂದರೆ ನಿಮ್ಮ ಹಾಗೆಯೇ ಮಾತಾಡುವ, ನಿಮ್ಮ ಹಾಗೆಯೇ ತಡಮಾಡುವ ಒಂದು ಲೆಕ್ಕಾಚಾರದ ಬೊಂಬೆ. ಅದಕ್ಕೆ ಮೈಯಿಲ್ಲ, ಆದರೆ ತಂತಿಯ ಆ ಕಡೆ ಕೂತವರಿಗೆ ನಿಮ್ಮ ಮೈ ತಾನೇ ಎಲ್ಲಿ ಕಾಣುತ್ತದೆ? ನೆರಳಿನಿಂದ ಕಾಯಲು ತಿಂಗಳಿಗಿಷ್ಟು ಎಂದು ದುಡ್ಡು ಪಡೆಯುವ ಕಂಪನಿಗಳು ಹುಟ್ಟಿಕೊಂಡವು. ಅಂಜಿಕೆ ಇರುವಲ್ಲಿ ಅಂಗಡಿ ಇದ್ದೇ ಇರುತ್ತದೆ.

ನೀಲಾ ಹುಬ್ಬಳ್ಳಿಯ 'ಕೊಳ್ಳುವವರ ಕನ್ನಡಿ' ಎಂಬ ಮಾಸಪತ್ರಿಕೆಯಲ್ಲಿ ಪರೀಕ್ಷಕಿ. ಯಾವ ಕುಕ್ಕರಿನ ರಬ್ಬರು ಬೇಗ ಸಡಿಲಾಗುತ್ತದೆ, ಯಾವ ಮಿಕ್ಸರ್ ಮೆಣಸಿನಕಾಯಿಗೆ ಸೋಲುತ್ತದೆ ಎಂದು ಇಪ್ಪತ್ತು ವರ್ಷ ಬರೆದವಳು. ಈ ಸಲ ಐದು ಕಾವಲು ಕಂಪನಿಗಳನ್ನು ಹೋಲಿಸಿ ಬರೆಯುವ ಕೆಲಸ ಬಂದಿತ್ತು. ಪರೀಕ್ಷೆಯ ಕ್ರಮ ಸರಳ. ಒಪ್ಪಿಗೆ ಕೊಟ್ಟವರೊಬ್ಬರ ಹೆಸರಿನಲ್ಲಿ ಚಂದಾ ಕಟ್ಟುವುದು, ಅವರ ನೆರಳನ್ನು ತಾವೇ ತಯಾರಿಸಿ ಹೊರಗೆ ಬಿಡುವುದು, ಕಂಪನಿ ಅದನ್ನು ಎಷ್ಟು ಹೊತ್ತಿಗೆ ಹಿಡಿಯುತ್ತದೆ ನೋಡುವುದು.

ನಾಲ್ಕು ಕಂಪನಿಗಳ ಹಣೆಬರಹ ಮುಗಿದಿತ್ತು. 'ಬೇಲಿ' ಒಂಬತ್ತು ದಿನ ನೆರಳಿನ ಜೊತೆ ಸ್ನೇಹದಿಂದಿತ್ತು. ಬೇಲಿಯೇ ಎದ್ದು ಹೊಲ ಮೇಯದಿದ್ದುದೇ ಪುಣ್ಯ. 'ಹೊಸ್ತಿಲು' ಚಂದಾದಾರ ಒಮ್ಮೆ ಸೀನಿದ್ದಕ್ಕೆ ಅವನನ್ನೇ ಹೊರಗಿಟ್ಟಿತು. 'ಕಣ್ಗಾವಲು' ತಲೆಗೆ ಹಚ್ಚುವ ಎಣ್ಣೆ ಬದಲಾಯಿತೆಂದು ಕೂಡ ಎಚ್ಚರಿಕೆ ಕಳಿಸಿ ಪ್ರಾಣ ತಿಂದಿತು. 'ನಿಶ್ಚಿಂತ' ಹೆಸರಿಗೆ ತಕ್ಕ ಹಾಗೆ ಯಾವ ಚಿಂತೆಯನ್ನೂ ಮಾಡಲಿಲ್ಲ. ಉಳಿದದ್ದು ಎಲ್ಲಕ್ಕಿಂತ ತುಟ್ಟಿಯ 'ವಜ್ರಗೂಡು'. ಅದಕ್ಕೆ ಒಪ್ಪಿಗೆ ಕೊಟ್ಟಿದ್ದವರು ಕೊನೆಗಳಿಗೆಯಲ್ಲಿ ಹಿಂಜರಿದರು. ಸಂಚಿಕೆಗೆ ತಡವಾಗುತ್ತದೆಂದು ನೀಲಾ ತನ್ನದೇ ಹೆಸರು ಕೊಟ್ಟಳು, ತನ್ನ ಕಳೆದ ವರ್ಷದ ನಡೆಗುರುತಿನಿಂದ ತನ್ನದೇ ನೆರಳು ಮಾಡಿ ಬಿಟ್ಟಳು. ಮರುದಿನವೇ ಕಚೇರಿಯ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿತು, ಅದರ ಬೆನ್ನಿಗೇ ಶೀತ.

ಹತ್ತು ದಿನ ವಜ್ರಗೂಡು ಇಬ್ಬರು ನೀಲಗಂಗಾರನ್ನು ನೋಡಿತು. ಒಬ್ಬಳು ಕುಂಟುತ್ತಿದ್ದಳು, ದನಿ ಬೇರೆ ಇತ್ತು, ಚಹಾ ಬಿಟ್ಟು ಕಷಾಯ ಕುಡಿಯುತ್ತಿದ್ದಳು. ಇನ್ನೊಬ್ಬಳು ಥೇಟ್ ಕಳೆದ ವರ್ಷದ ನೀಲಗಂಗಾ. ಯಾರು ಅಸಲಿ ಎಂದು ಯಂತ್ರ ತೀರ್ಮಾನಿಸಲು ಕಷ್ಟವೇ ಪಡಲಿಲ್ಲ.

ಭಾನುವಾರ ಸಂಜೆ 'ನಕಲಿಯನ್ನು ಹಿಡಿದಿದ್ದೇವೆ' ಎಂಬ ವರದಿ ಬಂದಾಗ ನೀಲಾ ಖುಷಿಯಿಂದ ಮೊದಲ ಬಹುಮಾನದ ಸಾಲು ಬರೆದುಬಿಟ್ಟಿದ್ದಳು: 'ಒಮ್ಮೆ ನಿಮ್ಮನ್ನು ಗುರುತಿಸಿದರೆ ವಜ್ರಗೂಡು ಜಗತ್ತೇ ಅಡ್ಡ ಬಂದರೂ ನಿಮ್ಮ ಕೈ ಬಿಡುವುದಿಲ್ಲ.' ಹಿಡಿದ ನಕಲಿ ತಾನೇ ಎಂದು ಅವಳಿಗೆ ಗೊತ್ತಿರಲಿಲ್ಲ.

*

ಬಸ್ಸು ಹತ್ತಿಸಿಕೊಳ್ಳಲಿಲ್ಲ. ಕುಂಟುತ್ತ ನಡೆದು ಕಚೇರಿ ಮುಟ್ಟುವಾಗ ಹನ್ನೊಂದು ಗಂಟೆ. ಕಚೇರಿಯ ಬಾಗಿಲನ್ನು ಸಂಪಾದಕ ಗುರುನಾಥ ಜೋಷಿ ಕೈಯಾರೆ ತೆಗೆದು ಒಳಗೆ ಕರೆದುಕೊಂಡರು. ಪರೀಕ್ಷಾ ಕೋಣೆಯ ತೆರೆಯ ಮೇಲೆ ನೆರಳಿನ ದಿನಚರಿ ಓಡುತ್ತಿತ್ತು. ಬೆಳಗ್ಗೆ ಏಳಕ್ಕೆ ವಾರದ ಕಾಯಿಪಲ್ಲೆಗೆ ಆರ್ಡರು. ಏಳೂವರೆಗೆ ಗೆಳತಿಗೆ ಹುಟ್ಟುಹಬ್ಬದ ಹಾರೈಕೆ. ನೀಲಾ ಆ ಹುಟ್ಟುಹಬ್ಬವನ್ನು ಮರೆತೇಬಿಟ್ಟಿದ್ದಳು.

"ನಿಲ್ಲಸ್ರಿ ಅದನ್ನ," ಎಂದರು ಜೋಷಿ.

"ನಿಲ್ಲಸಾಕ ನನ್ನ ದನಿ ಬೇಕ್ರಿ ಸರ್. ನನ್ನ ದನಿ ಈಗ ನಂದಲ್ಲ."

ವಜ್ರಗೂಡಿಗೆ ಫೋನು ಮಾಡಿದರು. ಆ ಕಡೆಯ ಹುಡುಗಿ ಮಧುರವಾಗಿ ಮಾತಾಡಿದಳು: "ಕ್ಷಮಿಸಿ ಮೇಡಮ್, ನಮ್ಮ ಚಂದಾದಾರರಾದ ನೀಲಗಂಗಾ ಅವರು ನಿಮ್ಮ ಮೇಲೆ ದೂರು ಕೊಟ್ಟಿದ್ದಾರೆ. ಇವತ್ತು ಹತ್ತು ಗಂಟೆಗೆ ಅವರ ತಾಯಿಯವರು ಫೋನಿನಲ್ಲಿ ನಂಟಸಾಕ್ಷಿ ಕೊಟ್ಟಿದ್ದಾರೆ. ಗುರುವಾರ ಸಂಜೆ ಐದಕ್ಕೆ ದಾಖಲೆಗೆ ಮುದ್ರೆ ಬೀಳುತ್ತದೆ."

ನೀಲಾ ಕುರ್ಚಿ ಹುಡುಕಿ ಕುಳಿತಳು. ನಂಟಸಾಕ್ಷಿ ಎಂದರೆ ಕೊನೆಯ ಉಪಾಯ. ಎಲ್ಲ ಗುರುತೂ ಗೊಂದಲವಾದಾಗ ಹೆತ್ತವರೋ ಒಡಹುಟ್ಟಿದವರೋ ದಾಖಲೆಯಲ್ಲಿರುವ ಪೂರ್ತಿ ಹೆಸರನ್ನು ಬಾಯಾರೆ ಹೇಳಿ "ಇವಳು ನಮ್ಮವಳು" ಎನ್ನಬೇಕು. ಕಂಪನಿ ಸಾಕ್ಷಿ ಕೇಳಿದೆ. ನೆರಳು, ನೀಲಾಳ ಹಳೆಯ ಫೋನುಗಳಲ್ಲಿದ್ದ ತಾಯಿಯ ದನಿಯಿಂದ ಒಬ್ಬ ಸುಳ್ಳು ತಾಯಿಯನ್ನು ಕಟ್ಟಿಕೊಂಡು ಉತ್ತರ ಕೊಟ್ಟಿದೆ. ಅದಕ್ಕೆ ದ್ವೇಷವೇನೂ ಇರಲಿಲ್ಲ, ನೀಲಗಂಗಾ ಏನು ಮಾಡುತ್ತಿದ್ದಳೋ ಅದನ್ನೇ ಮಾಡಿತ್ತು. ಮುದ್ರೆ ಬಿದ್ದರೆ ಅಸಲಿ ನೀಲಾ ಹೆಸರಿಲ್ಲದವಳಾಗುತ್ತಾಳೆ. ಮನೆ, ನೌಕರಿ, ಔಷಧಿಯ ಚೀಟಿ ಎಲ್ಲ ನೆರಳಿನದಾಗುತ್ತದೆ. ನ್ಯಾಯಾಲಯಕ್ಕೆ ಹೋಗೋಣವೆಂದರೆ ಅರ್ಜಿಯ ಮೇಲೆ ಹಾಕಲು ಹೆಸರಿರುವುದಿಲ್ಲ.

"ಅಂಜಬ್ಯಾಡ್ರಿ," ಎಂದರು ಜೋಷಿ. "ಅಸಲಿ ತಾಯಿ ನಿಮ್ಮ ಮನ್ಯಾಗ ಅದಾರಲ್ಲ. ಕರಕೊಂಡ ಹೋಗ್ರಿ, ಹೆಸರ ಹೇಳತಾರ, ಮುಗೀತು."

ನೀಲಾ ಅವರ ಮುಖವನ್ನೇ ನೋಡಿದಳು. ಮುಗಿಯುವುದು ಹಾಗಿರಲಿ, ನಿಜವಾದ ಅಂಜಿಕೆ ಅವಳಿಗೆ ಆಗ ಶುರುವಾಯಿತು.

*

ಅವಳಿಗೆ ಇಟ್ಟದ್ದು ಅಜ್ಜಿಯ ಹೆಸರು, ತಂದೆಯ ತಾಯಿಯ ಹೆಸರು. ಕಲ್ಲವ್ವನಿಗೆ ಅದು ಅತ್ತೆಯ ಹೆಸರು, ಸೊಸೆಯಾದವಳು ಬಾಯಲ್ಲಿ ತರಬಾರದ ಹೆಸರು. ಹಾಗಾಗಿ ತೊಟ್ಟಿಲಲ್ಲಿದ್ದಾಗಿನಿಂದ ತಾಯಿಯ ಪಾಲಿಗೆ ಅವಳು ತಂಗೆವ್ವ. ಇನ್ನು ದಾಖಲೆಯ ಪೂರ್ತಿ ಹೆಸರು ನೀಲಗಂಗಾ ಮುರಿಗೆಪ್ಪ ಯಲಿಗಾರ. ಮೊದಲನೆಯದು ಅತ್ತೆಯದು, ಎರಡನೆಯದು ಗಂಡನದು. ಕಲ್ಲವ್ವ ನಾಚದೆ ಹೇಳಬಹುದಾದದ್ದು ಅಡ್ಡಹೆಸರು ಮಾತ್ರ.

ಅತ್ತೆ ತೀರಿ ಮೂವತ್ತು ವರ್ಷ, ಗಂಡ ತೀರಿ ಹನ್ನೆರಡು. ಆದರೂ ಯಾರಾದರೂ ಆ ಹೆಸರು ಎತ್ತಿದರೆ ಕಲ್ಲವ್ವನ ಕೈ ತಾನಾಗಿ ಸೆರಗನ್ನು ತಲೆಯ ಮೇಲೆ ಎಳೆಯುತ್ತಿತ್ತು. ನೀಲಾ ಮೂರನೆಯ ಇಯತ್ತೆಯಲ್ಲಿದ್ದಾಗ ಬಹುಮಾನಕ್ಕಾಗಿ ಅವಳ ಹೆಸರು ಕೂಗಿದರೆ, ಸಭೆಯಲ್ಲಿ ಕುಳಿತಿದ್ದ ತಾಯಿ ಚಪ್ಪಾಳೆ ತಟ್ಟುವ ಬದಲು ಸೆರಗು ಹೊದ್ದುಕೊಂಡಿದ್ದಳು. ಆವತ್ತು ಹುಡುಗಿಗೆ ಅಳು ಬಂದಿತ್ತು. ಎಲ್ಲರ ತಾಯಂದಿರು ಮಕ್ಕಳ ಹೆಸರು ಹಿಡಿದು ಕರೆಯುತ್ತಾರೆ, ನನ್ನವಳು ಮಾತ್ರ ಯಾಕೆ ಕರೆಯುವುದಿಲ್ಲ ಎಂಬ ಕೊರಗು ನಲವತ್ತು ದಾಟಿದರೂ ಪೂರ್ತಿ ಹೋಗಿರಲಿಲ್ಲ.

ರೊಟ್ಟಿ ತಟ್ಟುತ್ತಿದ್ದ ತಾಯಿಯ ಪಕ್ಕದಲ್ಲಿ ಕುಳಿತು ನೀಲಾ ಎಲ್ಲ ಹೇಳಿದಳು.

"ಅಂದ್ರ ನಾ ಏನ ಮಾಡಬೇಕೀಗ?"

"ನನ್ನ ಹೆಸರ ಹೇಳಬೇಕವ್ವಾ. ಪೂರ್ತಿ. ಒಂದ ಸಲ."

ಕಲ್ಲವ್ವನ ಕೈ ಹಿಟ್ಟಿನ ಮೇಲೆ ನಿಂತಿತು. "ನಾ ಹಡದೀನಿ ಅಂದ್ರ ಸಾಲಂಗಿಲ್ಲೇನು?"

"ಸಾಲಂಗಿಲ್ಲಂತ."

"ಬ್ಯಾರೆ ಯಾರರೆ ಹೇಳಂಗಿಲ್ಲೇನು?"

"ಅಪ್ಪ ಇಲ್ಲ. ನನಗ ಅಣ್ಣತಮ್ಮರಿಲ್ಲ, ಅಕ್ಕತಂಗೇರಿಲ್ಲ. ನೀ ಒಬ್ಬಾಕಿನ."

ತಾಯಿ ರೊಟ್ಟಿ ಮಗುಚಿ ಹಾಕಿದಳು. ಅದು ಸೀದ ವಾಸನೆ ಬಂದರೂ ಗಮನಿಸಲಿಲ್ಲ. "ನಮ್ಮತ್ತಿ ಸಾಯೂಮುಂದ ನನ್ನ ಕೈ ಹಿಡದ ಹೇಳಿದ್ರು, ಮೂವತ್ತ ವರ್ಸದಾಗ ಒಮ್ಮೆನೂ ಮಾನ ಕಳೀಲಿಲ್ಲ ನೀ ಅಂತ. ನೋಡೂಣಂತ ತಗೋ. ಹೇಳತೀನಿ. ಬಾಯಿಗೆ ಬರತೈತೋ ಇಲ್ಲೋ."

ಮಂಗಳವಾರ, ಬುಧವಾರ ಎದುರಿಗೆ ಕೂರಿಸಿ ನಂಟಸಾಕ್ಷಿ ಕೇಳುವ ಗುರುತು ಕೇಂದ್ರದ ಸರದಿ ಚೀಟಿಗಾಗಿ ಅಲೆದಾಟದಲ್ಲೇ ಕಳೆದವು. ಚೀಟಿ ತಾಯಿಯ ಹೆಸರಿಗೆ ಸಿಕ್ಕಿತು. ನೀಲಾ 'ಮುದುಕಿಯ ಜೊತೆಗೆ ಬಂದವಳು' ಎಂದು ದಾಖಲಾದಳು. ಮನೆಯಲ್ಲಿ ಕಲ್ಲವ್ವ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಏನೋ ಗೊಣಗುತ್ತಿದ್ದಳು. ನೀಲಾ ಹೊರಗೆ ನಿಂತು ಕಿವಿಗೊಟ್ಟಳು. "ನೀ... ನೀ..." ಎಂದು ಶುರುವಾಗಿ, ಅಲ್ಲಿಗೇ ನಿಂತು, ನೀರು ಸುರಿಯುವ ಸದ್ದು ಕೇಳುತ್ತಿತ್ತು.

*

ಗುರುವಾರ ಸಂಜೆ ನಾಲ್ಕೂವರೆ. ಗುರುತು ಕೇಂದ್ರದ ನಿಯಂತ್ರಣ ಕೋಣೆ ತಣ್ಣಗಿತ್ತು. ಗೋಡೆಯ ತುಂಬ ತೆರೆಗಳು. ಪ್ರತಿಯೊಂದರಲ್ಲೂ ಯಾರದೋ ಜೀವನ ಸಾಲುಸಾಲಾಗಿ ಹರಿಯುತ್ತಿತ್ತು. ಪಾಳಿಯ ಎಂಜಿನಿಯರ್ ಮಕ್ತುಮ್ ಸವಣೂರ ಐವತ್ತರ ಹತ್ತಿರದವನು, ಕನ್ನಡಕ ಹಣೆಗೆ ಏರಿಸಿಕೊಂಡಿದ್ದ. ಮುದುಕಿಗೆ ಕುರ್ಚಿ ಹಾಕಿ, ಮೊದಲು ಸೋಮವಾರದ ಸಾಕ್ಷಿಯನ್ನು ಕೇಳಿಸಿದ.

"ಹೌದ್ರಿ, ಈಕಿ ನನ್ನ ಮಗಳು. ನೀಲಗಂಗಾ ಮುರಿಗೆಪ್ಪ ಯಲಿಗಾರ."

ಅದು ಅವ್ವನ ದನಿ. ಅದೇ ಸ್ವಲ್ಪ ಮೂಗಿನ ದನಿ, 'ಮಗಳು' ಎನ್ನುವಾಗ ಅದೇ ಎಳೆತ. ನಲವತ್ತನಾಲ್ಕು ವರ್ಷ ಕಾದಿದ್ದ ಹೆಸರು ಆ ದನಿಯಲ್ಲಿ ಬಂದಾಗ ನೀಲಾಳ ಕಣ್ಣು ತುಂಬಿ ಬಂತು. ಸುಳ್ಳೆಂದು ಗೊತ್ತಿದ್ದೂ ಇನ್ನೊಮ್ಮೆ ಕೇಳಬೇಕೆನಿಸಿತು, ಹಾಗೆನಿಸಿದ್ದಕ್ಕೆ ನಾಚಿಕೆಯಾಯಿತು. ಪಕ್ಕದಲ್ಲಿ ಕಲ್ಲವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನೆಲ ನೋಡುತ್ತಿದ್ದಳು.

"ಅಮ್ಮಾರ, ಮೂರ ಸಲ ಅವಕಾಶ ಐತ್ರಿ," ಎಂದು ಮಕ್ತುಮ್ ಮೈಕನ್ನು ಅವಳ ಹತ್ತಿರ ಸರಿಸಿದ. "ಹಿಂಗ ಪೂರ್ತಿ ಹೆಸರ ಹೇಳ್ರಿ ಸಾಕು."

ಕಲ್ಲವ್ವ ಮೈಕನ್ನು ನೋಡಿದಳು. ತುಟಿ ಅಲುಗಿತು. ತೆರೆಯ ಮೇಲೆ ಗಡಿಯಾರದ ಅಂಕಿ ಓಡುತ್ತಿತ್ತು. ನಲವತ್ತು ಸೆಕೆಂಡಿನ ನಂತರ ಆಕೆ, "ಈಕಿ ನಮ್ಮ ತಂಗೆವ್ವ," ಎಂದಳು.

'ಹೆಸರು ಹೊಂದುವುದಿಲ್ಲ,' ಎಂದಿತು ಯಂತ್ರ. 'ಸಾಕ್ಷಿದಾರರ ದನಿಯಲ್ಲಿ ಅಳುಕಿದೆ. ಕಲಿಸಿಕೊಟ್ಟ ಸಾಕ್ಷಿ ಇರಬಹುದು.'

"ಇನ್ನೊಮ್ಮೆ ಹೇಳ್ರಿ ಅಮ್ಮಾರ. ಹೆಸರು."

ಗಂಡನ ಹೆಸರಿಗೆ ಒಂದು ದಾರಿಯಿತ್ತು. ಮದುವೆಯ ಮನೆಯಲ್ಲಿ ಹೆಂಗಸರು ಬಾಗಿಲು ಅಡ್ಡಗಟ್ಟಿ ಕೇಳಿದಾಗ ಒಡಪು ಕಟ್ಟಿ, ಹಾಡಿನ ಮರೆಯಲ್ಲಿ ಹೆಸರನ್ನು ದಾಟಿಸುವ ದಾರಿ. ಕಲ್ಲವ್ವ ಅರವತ್ತು ವರ್ಷದ ಹಿಂದಿನ ಸೊಸೆಯಾಗಿ ಕಣ್ಣು ಮುಚ್ಚಿದಳು.

"ಅಡಗಿ ಮನ್ಯಾಗ ಅಕ್ಕಿ, ಪಡಸಾಲ್ಯಾಗ ಹಕ್ಕಿ, ಮುರಿಗೆಪ್ಪನವರ ಮನಿಗೆ ನಾನ ಚುಕ್ಕಿ."

ಮಕ್ತುಮ್ ನಗು ತಡೆದುಕೊಂಡ. ಯಂತ್ರ ನಗಲಿಲ್ಲ. 'ದಯವಿಟ್ಟು ಹೆಸರನ್ನು ಮಾತ್ರ ಹೇಳಿ. ಒಂದು ಅವಕಾಶ ಉಳಿದಿದೆ.'

ನಾಲ್ಕು ಗಂಟೆ ನಲವತ್ತು ನಿಮಿಷ. ನೀಲಾ ಮಕ್ತುಮ್ ಕಡೆ ಬಾಗಿದಳು. "ಸರ್, ನಮ್ಮವ್ವ ಹುಟ್ಟಾ ಆ ಹೆಸರ ಹೇಳಿಲ್ರಿ. ನಮ್ಮ ಅಜ್ಜಿ ಹೆಸರದು, ಆಕೀಗೆ ಅತ್ತಿ. ಆ ಫೋನಿನ್ಯಾಗ ಹೇಳಿದಾಕಿ ನಮ್ಮವ್ವ ಆಗಾಕ ಸಾಧ್ಯನ ಇಲ್ಲ, ಯಾಕಂದ್ರ ಹೇಳ್ಯಾಳ."

ಮಕ್ತುಮ್ ಕನ್ನಡಕ ಕೆಳಗಿಳಿಸಿ ಅವಳನ್ನು ನೋಡಿದ.

"ಯಪ್ಪಾ, ಒಂದೀಟ ನೀರ ಕೊಡ್ರಿ," ಎಂದಳು ಕಲ್ಲವ್ವ. ನೀರು ಬಂತು. ಆಕೆ ಕುಡಿಯಲಿಲ್ಲ, ಬೆರಳು ಅದ್ದಿ ಕಣ್ಣಿಗೆ ಹಚ್ಚಿಕೊಂಡಳು. ಎದ್ದು ನಿಂತು, ಆ ಕೋಣೆಯಲ್ಲಿ ಯಾವ ದಿಕ್ಕು ಯಾವುದೆಂದು ತಿಳಿಯದೆ, ತೆರೆಗಳಿಗೇ ಕೈ ಮುಗಿದಳು. "ಅತ್ತಿ, ತಪ್ಪಾತು. ಹೊಟ್ಟ್ಯಾಗ ಹಾಕ್ಕೋರಿ. ನಿಮ್ಮ ಮೊಮ್ಮಗಳ ಸಲುವಾಗಿ." ಮೈಕಿನ ಕಡೆ ಬಾಗಿದಳು. "ನೀ..."

ಮಕ್ತುಮ್ ಮೈಕಿನ ಗುಂಡಿ ಒತ್ತಿ ಬಂದ್ ಮಾಡಿದ.

"ಸಾಕ್ರಿ ಅಮ್ಮಾರ. ಹೇಳಬ್ಯಾಡ್ರಿ."

ಕಲ್ಲವ್ವ ಅರ್ಧ ಬಾಯಿ ತೆರೆದೇ ನಿಂತಳು.

"ನಮ್ಮ ಅಮ್ಮಿ ಅಬ್ಬಾನ ಹೆಸರ ಯಾವತ್ತೂ ಹೇಳಿಲ್ರಿ," ಎಂದ ಅವನು. "ಆಸ್ಪತ್ರ್ಯಾಗ ಗಂಡನ ಹೆಸರೇನು ಅಂತ ಕೇಳಿದ್ರ ನನ್ನ ಮಾರಿ ನೋಡತಿದ್ಲು. ಒಬ್ಬ ಡಾಕ್ಟರ ಬೈದಿದ್ದ, ಗಂಡನ ಹೆಸರ ಗೊತ್ತಿಲ್ದಾಕಿ ಅಂತ. ಕೂಡ್ರಿ ಅಮ್ಮಾರ, ಕೂಡ್ರಿ."

ಪಾಳಿಯ ಎಂಜಿನಿಯರಿಗೆ ಯಂತ್ರದ ಮಾತನ್ನು ತಳ್ಳಿಹಾಕುವ ಅಧಿಕಾರವಿತ್ತು. ಅದನ್ನು ಬಳಸಿದವರು ಕಡಿಮೆ, ಬಳಸಿ ಮೇಲಿನವರಿಂದ ಬೈಸಿಕೊಳ್ಳದವರು ಇನ್ನೂ ಕಡಿಮೆ. ಮಕ್ತುಮ್ ತನ್ನ ಗುಪ್ತಸಂಖ್ಯೆ ಹೊಡೆದ. ತೆರೆಯ ಮೇಲೆ ಒಂದು ಖಾಲಿ ಚೌಕ ತೆರೆಯಿತು: 'ಕಾರಣ ಬರೆಯಿರಿ.'

ಅವನ ಬೆರಳು ಅಲ್ಲೇ ನಿಂತಿತು.

"ಬರೀರಲ್ಲ ಸರ್," ಎಂದಳು ನೀಲಾ. "ಅತ್ತಿ ಹೆಸರ ಹೇಳೂದಿಲ್ಲ, ಅದಕ್ಕ ಖರೆ ತಾಯಿ ಅಂತ. ಐದಕ್ಕ ಹತ್ತ ನಿಮಿಷ ಐತಿ."

"ಬರದೆ ಅಂದ್ರ ಯಂತ್ರ ಕಲೀತೈತ್ರಿ. ಇಲ್ಲಿ ಬರದ ಪ್ರತಿ ಕಾರಣ ಎಲ್ಲಾ ಕಂಪನಿಗೂ ಪಾಠ ಆಗಿ ಹೋಗತೈತಿ. ಕಂಪನಿಗೆ ಗೊತ್ತಾದದ್ದು ನೆರಳಿಗೆ ಗೊತ್ತಾಗಾಕ ವಾರ ಸಾಕು. ಆಮ್ಯಾಲೆ ಸುಳ್ಳ ತಾಯಂದಿರೂ ತಡವರಸಾಕ ಕಲೀತಾವ, ಸೆರಗ ಹೊದ್ದಂಗ ಉಸರ ಬಿಡತಾವ, ತಂಗೆವ್ವ ಅಂತಾವ. ಮುಂದ ಬರೂ ತಾಯಂದಿರಿಗೆ ಏನ ಉಳೀತೈತ್ರಿ?"

ತನ್ನನ್ನು ಉಳಿಸುವ ಮಾತೇ ಇನ್ಯಾರನ್ನೋ ಮುಳುಗಿಸುತ್ತದೆ ಎಂದಾಗ ಬೇಗ ಬರೆಯಿರಿ ಎನ್ನಲು ನೀಲಾಳ ನಾಲಿಗೆ ಏಳಲಿಲ್ಲ. ಬರೆಯಬೇಡಿ ಎನ್ನುವ ಧೈರ್ಯವೂ ಇರಲಿಲ್ಲ. ಚೌಕದಲ್ಲಿ ಗೆರೆ ಮಿಣುಕುತ್ತಿತ್ತು. ಖಾಲಿ ಬಿಟ್ಟರೆ ಯಂತ್ರ ಒಪ್ಪುವುದಿಲ್ಲ. ಐದಕ್ಕೆ ನಾಲ್ಕು ನಿಮಿಷ.

ಮಾತೆಲ್ಲ ಕೇಳಿಸಿಕೊಂಡಿದ್ದ ಕಲ್ಲವ್ವ ಮೆಲ್ಲಗೆ ಹೇಳಿದಳು: "ಹೇಳಬಾರದ್ದಾದ್ರ ಹೇಳಬಾರದ್ದು ಅಂತನ ಬರಿಯಪ್ಪಾ. ನಾವು ಹಂಗ ಅಂತೀವಿ."

ಮಕ್ತುಮ್ ಆಕೆಯ ಕಡೆ ನೋಡಿದ. ನಂತರ ಬರೆದ: 'ಕಾರಣ ಉಂಟು. ಬಾಯಿಬಿಟ್ಟು ಹೇಳುವಂಥದ್ದಲ್ಲ.' ಯಂತ್ರ ಸ್ವಲ್ಪ ಹೊತ್ತು ಯೋಚಿಸಿತು. ಅದಕ್ಕೆ ಅಕ್ಷರಗಳು ಬೇಕಿದ್ದವು, ಅಕ್ಷರಗಳು ಸಿಕ್ಕವು. ತೆರೆಯ ಅಂಚಿನ ದೀಪ ಹಸಿರಾಯಿತು.

ನೀಲಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತಳು.

"ನೆರಳ ಅಳಸಾಕತ್ತೀನ್ರಿ," ಎಂದ ಮಕ್ತುಮ್ ಸ್ವಲ್ಪ ಹೊತ್ತಾದ ಮೇಲೆ. "ಆ ತಾಯಿ ದನಿಯೂ ಹೋಗತೈತಿ. ಒಂದ ಪ್ರತಿ ಇಟ್ಟಕೋತೀರೇನು? ನಿಮ್ಮ ಪತ್ರಿಕೆಗೆ ಬೇಕಾಗಬಹುದು."

ಅವನು ಪತ್ರಿಕೆಯ ಮಾತು ಎತ್ತಿದ್ದು ಸೌಜನ್ಯಕ್ಕೆ, ಅವಳ ಕಣ್ಣನ್ನು ಆಗಲೇ ನೋಡಿದ್ದ. ಬೇಕು ಎಂಬುದು ನೀಲಾಳ ನಾಲಿಗೆಯ ತುದಿಗೆ ಬಂದಿತ್ತು.

"ಬ್ಯಾಡ್ರಿ. ಅಳಸ್ರಿ."

*

ಹೊರಗೆ ಇನ್ನೂ ಬಿಸಿಲಿತ್ತು. ಬಸ್ ನಿಲ್ದಾಣದವರೆಗೆ ತಾಯಿ ಮಗಳು ಒಬ್ಬರ ಕೈ ಒಬ್ಬರು ಹಿಡಿದು ನಡೆದರು; ಯಾರು ಯಾರಿಗೆ ಆಸರೆಯಾಗಿದ್ದರೋ ಹೇಳುವುದು ಕಷ್ಟ. ಹೋಲಿಕೆಯ ಲೇಖನಕ್ಕೆ ಏನು ಬರೆಯಬೇಕೆಂದು ನೀಲಾ ಯೋಚಿಸುತ್ತಿದ್ದಳು. ಐದು ಕಂಪನಿಗಳಲ್ಲಿ ಒಂದೂ ಬೇಡ ಎಂದು ಬರೆಯಬಹುದು, ಯಾಕೆಂದು ಮಾತ್ರ ಬರೆಯುವ ಹಾಗಿಲ್ಲ.

ಕಲ್ಲವ್ವ ನಡುವೆ ನಿಂತಳು. "ಆಕಿ ಭಾಳ ಚಂದ ಹೇಳಿದ್ಲಲ್ಲ."

"ಯಾರವ್ವಾ?"

"ಆ ಸುಳ್ಳಾಕಿ. ನಿನ್ನ ಹೆಸರಾ. ನಿನಗ ಅಳು ಬಂತು, ನಾ ನೋಡಿನಿ."

ನೀಲಾ ಇಲ್ಲವೆನ್ನಲಿಲ್ಲ. "ಗಟಗಟ ನೀರ ಕುಡದಂಗ ಹೇಳಿದ್ಲವ್ವಾ."

"ಹಂಗ ಹೇಳೂ ಹೆಸರಲ್ಲದು," ಎಂದು ಮುದುಕಿ ಮುಂದೆ ನಡೆದಳು.

ಬಸ್ಸಿನ ಬಾಗಿಲು ಹೊಸ ದಾಖಲೆಯವರನ್ನು ಕೇಳುವಂತೆ ಕೇಳಿತು: "ನಿಮ್ಮ ಪೂರ್ತಿ ಹೆಸರು ಹೇಳಿ." ದಿನಕ್ಕೆ ಹತ್ತು ಸಲ ಹೇಳಿದ್ದ ಹೆಸರು. ಆದರೆ ಇವತ್ತು ತಾಯಿ ಪಕ್ಕದಲ್ಲೇ ನಿಂತಿದ್ದಳು, ನೀಲಾ ತಡವರಿಸಿದಳು. ಬಾಗಿಲ ದೀಪ ಕಾಯುತ್ತ ಹಳದಿಯಾಯಿತು. ಹಿಂದೆ ನಿಂತವರು ಗೊಣಗಿದರು.

"ನೀಲಗಂಗಾ ಮುರಿಗೆಪ್ಪ ಯಲಿಗಾರ," ಎಂದಳು ಅವಳು, ಮೆಲ್ಲಗೆ.

ಕಲ್ಲವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಬಾಗಿಲು ತೆರೆಯಿತು. "ಹತ್ತು ತಂಗೆವ್ವ," ಎಂದಳು.